ಪುರಸಭೆಯಿಂದ ವಾರ್ಡ್ ಗಡಿ, ಚರಂಡಿ, ಮ್ಯಾನ್‌ಹೋಲ್‌ಗಳ ಜಿಐಎಸ್ (ಕಂಪ್ಯೂಟರ್ ನಕ್ಷೆ) ಫೈಲ್ ಪಡೆದವರು ಇದ್ದೀರಾ? ಅನುಭವ ಹೇಳಿ

ವಾರ್ಡ್_14:
ನಮ್ಮದು 23 ವಾರ್ಡ್‌ಗಳ ಪುರಸಭೆ. ನಾಲ್ಕು ವಾರ್ಡ್‌ಗಳಿಗೆ ಪ್ರತಿ ಮಳೆಗಾಲ ನೀರು ನುಗ್ಗುತ್ತೆ. ವಾರ್ಡ್ ಗಡಿ, ಮಳೆನೀರು ಚರಂಡಿ, ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್ ಈ ಮೂರರ ಫೈಲ್ ಬೇಕು. ಕಚೇರಿಯಲ್ಲಿ ಗೋಡೆಗೆ ನಕ್ಷೆ ಇದೆ, ಫೈಲ್ ಮಾತ್ರ "ಏಜೆನ್ಸಿ ಹತ್ತಿರ ಇದೆ" ಅಂತಾರೆ. ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕೋದಾ, ರಾಜ್ಯ ಸರ್ಕಾರದ ನಕ್ಷೆ ತಾಣ ಕೆ-ಜಿಐಎಸ್ ನೋಡೋದಾ, ನಾವೇ ನಡೆದು ಗುರುತು ಹಾಕೋದಾ? ಜೂನ್ ಒಳಗೆ ಆಗಬೇಕು.

ತುಮಕೂರು_ಅರ್ಜಿದಾರ:
ಆರ್‌ಟಿಐ. ಎರಡನೇ ಯೋಚನೆ ಬೇಡ. ಆದರೆ "ನಕ್ಷೆ ಕೊಡಿ" ಅಂತ ಬರೆದರೆ ಜೆರಾಕ್ಸ್ ಬರುತ್ತೆ. "ಶೇಪ್‌ಫೈಲ್ ಅಥವಾ ಜಿಯೋಪ್ಯಾಕೇಜ್, ಅದಿಲ್ಲದಿದ್ದರೆ ಮೂಲ ಡಿಡಬ್ಲ್ಯುಜಿ, ನಿರ್ದೇಶಾಂಕ ಪದ್ಧತಿಯ ವಿವರ ಸಹಿತ" ಅಂತ ಬರೆಯಬೇಕು. ಮೊದಲೆರಡು ಜಿಐಎಸ್ ಫೈಲ್‌ನ ರೂಪಗಳು, ಡಿಡಬ್ಲ್ಯುಜಿ ಕ್ಯಾಡ್ ಚಿತ್ರದ ಫೈಲ್, ನಿರ್ದೇಶಾಂಕ ಪದ್ಧತಿ ಅಂದರೆ ನಕ್ಷೆಯ ಅಂಕಿಗಳು ನೆಲದ ಯಾವ ಜಾಗಕ್ಕೆ ಅನ್ನೋ ಲೆಕ್ಕ. ಕಂಪ್ಯೂಟರ್‌ನಲ್ಲಿರುವ ಮಾಹಿತಿಯನ್ನು ಅದೇ ರೂಪದಲ್ಲಿ ಪಡೆಯೋ ಹಕ್ಕು ಸೆಕ್ಷನ್ 2(ಜೆ)ನಲ್ಲಿದೆ, ಕೇಳಿದ ರೂಪದಲ್ಲೇ ಸಾಮಾನ್ಯವಾಗಿ ಕೊಡಬೇಕು ಅಂತ 7(9) ಹೇಳುತ್ತೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹಾಗಾಗಿ ನಿಮ್ಮದು ಮೂರು ಅರ್ಜಿ, ತಲಾ 10 ರೂಪಾಯಿ. ಒಂದರಲ್ಲೇ ತುರುಕಿದರೆ ಆ ಕಾರಣಕ್ಕೇ ತಳ್ಳಿಹಾಕ್ತಾರೆ.

"ಏಜೆನ್ಸಿ ಹತ್ತಿರ ಇದೆ" ಅನ್ನೋದು ಉತ್ತರವೇ ಅಲ್ಲ. ಕಾಯ್ದೆ ಹೇಳೋದು ಪ್ರಾಧಿಕಾರದ ವಶದಲ್ಲಿ ಅಥವಾ ನಿಯಂತ್ರಣದಲ್ಲಿ ಇರೋ ಮಾಹಿತಿ ಅಂತ. ಪುರಸಭೆ ದುಡ್ಡು ಕೊಟ್ಟು ಮಾಡಿಸಿದ್ದು ಪುರಸಭೆಯ ನಿಯಂತ್ರಣದ್ದೇ. ಅದಕ್ಕೇ ಏಜೆನ್ಸಿಗೆ ಕೊಟ್ಟ ಕಾರ್ಯಾದೇಶದ (ವರ್ಕ್ ಆರ್ಡರ್) ಪ್ರತಿಯನ್ನು ಮೊದಲು ತೆಗೆಸಿ. ಹಕ್ಕುಸ್ವಾಮ್ಯ ಅಂತ ನೆಪ ಹೇಳಿದರೆ ಸೆಕ್ಷನ್ 9 ಓದಿಸಿ, ಸರ್ಕಾರದ್ದೇ ಹಕ್ಕುಸ್ವಾಮ್ಯ ಆಗಿದ್ದರೆ ಅದು ನಿರಾಕರಣೆಗೆ ಕಾರಣ ಆಗಲ್ಲ. 30 ದಿನ ದಾಟಿದರೆ ಮೊದಲ ಮೇಲ್ಮನವಿ, ಅದಕ್ಕೂ 30 ದಿನದ ಗಡುವು. ತಡವಾಗಿ ಕೊಟ್ಟರೆ 7(6) ಪ್ರಕಾರ ಉಚಿತ. ಮೂರು ಅರ್ಜಿ, ರಿಜಿಸ್ಟರ್ ಪೋಸ್ಟ್, ಎರಡು ಮೇಲ್ಮನವಿ ಸೇರಿ ನನಗಾದ ಖರ್ಚು 412 ರೂಪಾಯಿ.

ಕೋಲಾರ_ಸರ್ವೆ:
412 ರೂಪಾಯಿಗೆ ಸಿಕ್ಕ ಫೈಲ್ ತೆರೀತಾ ಸರ್? ನಮಗೆ ಹದಿನಾಲ್ಕು ತಿಂಗಳಾದ ಮೇಲೆ ಸಿಡಿ ಬಂತು. ಶೇಪ್‌ಫೈಲ್ ಅಂದರೆ ಹಲವು ಫೈಲ್‌ಗಳ ಗುಂಪು; ಒಳಗೆ ಇದ್ದದ್ದು ಡಾಟ್ ಎಸ್‌ಎಚ್‌ಪಿ (ಗೆರೆಗಳು), ಡಾಟ್ ಡಿಬಿಎಫ್ (ಮಾಹಿತಿ ಕೋಷ್ಟಕ) ಎರಡೇ. ಎಸ್‌ಎಚ್‌ಎಕ್ಸ್ (ಸೂಚಿ ಫೈಲ್) ಇಲ್ಲದಿದ್ದರೂ ಕ್ಯೂಜಿಐಎಸ್ ಅನ್ನೋ ಉಚಿತ ನಕ್ಷೆ ತಂತ್ರಾಂಶದಲ್ಲಿ ಪುನಃ ಕಟ್ಟಿಕೊಳ್ಳಬಹುದು. ನಿರ್ದೇಶಾಂಕ ಪದ್ಧತಿ ಬರೆದಿರುವ ಪಿಆರ್‌ಜೆ ಫೈಲ್ ಇಲ್ಲದಿದ್ದರೆ ಯಾವ ಪದ್ಧತಿ ಅಂತ ಊಹಿಸಬೇಕು.

ಯುಟಿಎಂ ಅನ್ನೋ ನಿರ್ದೇಶಾಂಕ ಪದ್ಧತಿ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚುತ್ತೆ, ಅದರಲ್ಲಿ ರಾಜ್ಯದ ಬಹುಪಾಲು 43ನೇ ವಲಯ. 78 ಡಿಗ್ರಿ ರೇಖಾಂಶ ದಾಟಿದರೆ 44, ಕೋಲಾರ ಪಟ್ಟಣ ಆ ಗೆರೆಯ ಪೂರ್ವಕ್ಕಿದೆ. ಒಂದೇ ಜಿಲ್ಲೆಯಲ್ಲಿ ಒಬ್ಬರು 43ರಲ್ಲಿ, ಇನ್ನೊಬ್ಬರು 44ರಲ್ಲಿ ಗೆರೆ ಎಳೆದಿರ್ತಾರೆ. ನಮ್ಮ ಜಿಲ್ಲೆಯಲ್ಲಿ ಪೂರ್ವದ ಅಂಕಿ (ಈಸ್ಟಿಂಗ್, ಮೀಟರ್‌ನಲ್ಲಿ) ಎಂಟು ಲಕ್ಷದ ಮೇಲಿದ್ದರೆ 43, ಎರಡು ಲಕ್ಷದ ಆಸುಪಾಸಿದ್ದರೆ 44. ತಪ್ಪಿ 43ರ ಅಂಕಿಗೆ 44 ಕೊಟ್ಟರೆ ವಾರ್ಡ್‌ಗಳೆಲ್ಲ ಸುಮಾರು 650 ಕಿ.ಮೀ. ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿಯಲ್ಲಿ ಕೂರುತ್ತವೆ. ಅದಾದರೆ ಕಣ್ಣಿಗೆ ಬೀಳುತ್ತೆ. ಎವರೆಸ್ಟ್ ಅನ್ನೋ ಹಳೆಯ ಭೂಮಾಪನ ಆಧಾರದ ನಕ್ಷೆಯನ್ನು ಈಗ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಆಧಾರ ಅಂತ ಹಾಕಿದರೆ ನೂರು ಮೀಟರ್ ಆಸುಪಾಸು ಸರಿಯುತ್ತೆ, ಯಾರಿಗೂ ಗೊತ್ತಾಗಲ್ಲ, ಮ್ಯಾನ್‌ಹೋಲ್ ಪಕ್ಕದ ಬೀದಿಗೆ ಹೋಗಿರುತ್ತೆ. ಇದೇ ಅಪಾಯ.

ಧಾರವಾಡ_ನಡಿಗೆ:
ಅಪೀಲು ಮುಗಿಯೋದ್ರಾಗ ಎರಡು ಮಳಿಗಾಲ ಹೋಗ್ತಾವ್ರೀ. ನಾವು ನಡದು ಮಾಡೀವಿ. 3 ವಾರ್ಡು, 11 ಭಾನುವಾರ, 6 ಮಂದಿ. ವಾರ್ಡ್ ಗಡಿಗೆ ರಾಜ್ಯಪತ್ರದ ಚೆಕ್ಕುಬಂದಿ ಹಿಡಕೊಂಡು ಹೋಗ್ರಿ. ಅದರಾಗ "ಇಂಥವರ ಮನಿಯಿಂದ ಹಿಟ್ಟಿನ ಗಿರಣಿತನಕ" ಅಂತ ಇರತದ, ಗಿರಣಿ ಈಗ ಇರೂದಿಲ್ಲ. ಹಳೇ ಮಂದೀನ ಕೇಳಬೇಕು. ಗಡಿ ರಸ್ತಾದ ನಡುವಿಗೆ ಎಳೀರಿ, ಎರಡು ವಾರ್ಡಿಗೆ ಒಂದೇ ಗೆರಿ. ಬ್ಯಾರೆ ಬ್ಯಾರೆ ಎಳದ್ರ ನಡುವ ಸಂದಿ ಉಳೀತದ, ಆ ಸಂದಿಯೊಳಗಿನ ಮನಿ ಯಾವ ವಾರ್ಡಿಗೂ ಸೇರೂದಿಲ್ಲ.

ಮೊಬೈಲ್ ಜಿಪಿಎಸ್ ಬಯಲಾಗ 5 ಮೀಟರ್, ಸಣ್ಣ ಓಣ್ಯಾಗ 15 ಮೀಟರ್ ತಪ್ಪತದ. ಮ್ಯಾನ್‌ಹೋಲ್ ಗುರುತಿಗೆ ಅದನ್ನ ನಂಬಬ್ಯಾಡ್ರಿ. ಎರಡು ಮನಿ ಮೂಲಿಯಿಂದ ಟೇಪ್ ಹಿಡದು ಅಳೀರಿ, ಎರಡೂ ಅಳತಿ ಕೂಡೋದು ಅದರ ಜಾಗ. ಎಲ್ಲಾ ಓಪನ್‌ಸ್ಟ್ರೀಟ್‌ಮ್ಯಾಪಿಗೆ (ಮಂದಿ ಕೂಡಿ ಮಾಡೋ ಮುಕ್ತ ನಕ್ಷೆ) ಹಾಕೀವಿ. ಬೇಕಾದ್ರ ಕೆ-ಜಿಐಎಸ್ ನೋಡಿ ಗೆರಿ ತಿದ್ರಿ.

ಕೋಲಾರ_ಸರ್ವೆ:
ಕೊನೆಯ ಸಾಲು ತಪ್ಪು, ದಯವಿಟ್ಟು ಯಾರೂ ಅನುಸರಿಸಬೇಡಿ. ಪರದೆಯ ಮೇಲೆ ಕಾಣೋದು ನಕಲು ಮಾಡಲು ಅನುಮತಿ ಅಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಬೇರೆ ಮೂಲದಿಂದ ಗೆರೆ ತರಬೇಕಾದರೆ ಅದರ ಪರವಾನಗಿಗೆ ಹೊಂದುವ ಲಿಖಿತ ಅನುಮತಿ ಬೇಕು. ಇಲ್ಲದಿದ್ದರೆ ಒಂದು ದಿನ ಎಲ್ಲ ಅಳಿಸ್ತಾರೆ, 11 ಭಾನುವಾರ ನೀರಲ್ಲಿ ಹೋಮ.

ಧಾರವಾಡ_ನಡಿಗೆ:
ನಮ್ಮ ಗೆರಿ ನಾವು ಅಳದದ್ದು, ಯಾರದೂ ನಕಲಲ್ಲ. ಹೋಲಿಸಿ ನೋಡ್ರಿ ಅಂದೆ. "ತಿದ್ರಿ" ಅಂದದ್ದು ತಪ್ಪು, ಒಪ್ಪತೀನಿ. ಹದಿನಾಲ್ಕು ತಿಂಗಳು ಸಿಡಿಗೆ ಕಾದವರು ನಮಗ ವೇಳೆದ ಲೆಕ್ಕ ಹೇಳಬಾರದು.

ಪುರಸಭೆ_ಎಂಜಿನಿಯರ್:
ಕಚೇರಿ ಪರವಾಗಿ ಒಬ್ಬರಾದರೂ ಮಾತಾಡಬೇಕು. ಫೈಲ್ ಬಚ್ಚಿಟ್ಟಿಲ್ಲ. ನಮ್ಮ ಹತ್ತಿರ ನಿಜವಾಗಿಯೂ ಇರಲ್ಲ. ಟೆಂಡರ್‌ನಲ್ಲಿ "ಜಿಐಎಸ್ ನಕ್ಷೆ ತಯಾರಿಸಿ ಸಲ್ಲಿಸುವುದು" ಅಂತ ಒಂದೇ ಸಾಲು. ಏಜೆನ್ಸಿ ಎ0 ಅಳತೆಯ ಪ್ರಿಂಟ್, ಪಿಡಿಎಫ್ ಕೊಡುತ್ತೆ, ಅಳತೆ ಪುಸ್ತಕ ಬರೀತೀವಿ, ಬಿಲ್ ಪಾಸ್. ಎರಡು ವರ್ಷಕ್ಕೆ ಏಜೆನ್ಸಿಯ ಫೋನೇ ಹತ್ತಲ್ಲ. ಹಂಚೋ ಮನಸ್ಸು ಇದೆಯೋ ಇಲ್ಲವೋ ಅನ್ನೋದು ಆಮೇಲಿನ ಮಾತು, ಹಂಚೋಕೆ ವಸ್ತು ಕೈಯಲ್ಲಿರಬೇಕು.

ಈಗ ನಾವು ಟೆಂಡರ್‌ನಲ್ಲಿ ಹಾಕೋದು: ಜಿಯೋಪ್ಯಾಕೇಜ್ ಮತ್ತು ಮೂಲ ಪ್ರಾಜೆಕ್ಟ್ ಫೈಲ್, ವಲಯ ಸಂಖ್ಯೆ ಲಿಖಿತವಾಗಿ, ಪ್ರತಿ ಕಾಲಂ ಏನು ಅಂತ ಒಂದು ಪುಟ, ಅಳತೆಯ ತಾರೀಖು, ಹಕ್ಕು ಪುರಸಭೆಗೆ. ಕೊನೆಯ ಶೇ. 10 ಬಿಲ್ ನಮ್ಮ ಕಂಪ್ಯೂಟರ್‌ನಲ್ಲಿ ಫೈಲ್ ತೆರೆದ ಮೇಲೆ. ಮಾಲೀಕರ ಹೆಸರು, ಫೋನ್, ತೆರಿಗೆ ಬಾಕಿ ಬೇರೆ ಕೋಷ್ಟಕದಲ್ಲಿ. ಒಂದೇ ಫೈಲ್‌ನಲ್ಲಿ ಬೆರೆಸಿದರೆ ಚರಂಡಿ ಗೆರೆ ಕೇಳಿದವರಿಗೂ ಇಲ್ಲ ಅನ್ನಬೇಕಾಗುತ್ತೆ.

ತುಮಕೂರು_ಅರ್ಜಿದಾರ:
ಬೆರೆತಿದ್ದರೆ ಬೇರ್ಪಡಿಸಿ ಕೊಡಿ ಅಂತ ಸೆಕ್ಷನ್ 10 ಇದೆ. ಎರಡು ಕಾಲಂ ಅಳಿಸೋಕೆ ಒಂದು ನಿಮಿಷ. "ಇಲ್ಲ ಅನ್ನಬೇಕಾಗುತ್ತೆ" ಅನ್ನೋದನ್ನೇ ಕೇಳಿ ಕೇಳಿ ಜನ ಸೋತಿದ್ದಾರೆ.

ಪುರಸಭೆ_ಎಂಜಿನಿಯರ್:
ಆ ಒಂದು ನಿಮಿಷದ ಕೆಲಸ ಗೊತ್ತಿರೋ ಸಿಬ್ಬಂದಿ ಕಚೇರಿಗೆ ಒಬ್ಬರೂ ಇಲ್ಲ. ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್‌ಗೆ ಇ-ಆಸ್ತಿ (ಆಸ್ತಿ ದಾಖಲೆ) ಕೆಲಸವೇ ಮುಗಿಯಲ್ಲ. ಬೈಯೋ ಮೊದಲು ಒಂದು ದಿನ ಬಂದು ಕೂತು ನೋಡಿ.

ಲಿಪಿ_ಶಿವಮೊಗ್ಗ:
ಜಗಳದ ನಡುವೆ ಒಂದು ಮುಖ್ಯ ಸಂಗತಿ ಬಿಟ್ಟಿದ್ದೀರಿ: ಕನ್ನಡ ಅಕ್ಷರ. ಡಿಬಿಎಫ್‌ನಲ್ಲಿ ಕಾಲಂ ಹೆಸರಿಗೆ 10 ಬೈಟ್. ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್, ಅಂದರೆ ಮೂರೇ ಚಿಹ್ನೆ ಹಿಡಿಯುತ್ತೆ, "ರಸ್ತೆ" ಅನ್ನೋ ಪದವೇ ಪೂರ್ತಿ ಕೂರಲ್ಲ. ಯಾವ ಅಕ್ಷರ ಸಂಕೇತ ಅಂತ ಹೇಳೋ ಸಿಪಿಜಿ ಫೈಲ್ ಜೊತೆಗಿಲ್ಲದಿದ್ದರೆ ಒಳಗಿನ ಹೆಸರುಗಳೂ ಕಸ. ಹಳೆಯ ಫೈಲ್‌ಗಳು ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನವು. ಅಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂತಿರುತ್ತೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಪರಿವರ್ತಕ ಎಡವಿದರೆ "ಕಾರ್ಖಾನೆ ರಸ್ತೆ", "ಮಾರ್ಕೆಟ್ ರಸ್ತೆ" ಎರಡೂ ಕೆಡುತ್ತವೆ. ಅರ್ಕಾವೊತ್ತು ಇರುವ ಹೆಸರನ್ನೆಲ್ಲ ಹುಡುಕಿ ಕೈಯಲ್ಲೇ ನೋಡಿ.

ಕೋಲಾರ_ಸರ್ವೆ:
ಅದಕ್ಕೇ ಇಂಗ್ಲಿಷಲ್ಲಿ ಬರೆದುಬಿಡಿ ಅನ್ನೋದು.

ಲಿಪಿ_ಶಿವಮೊಗ್ಗ:
ಖಂಡಿತ ಬೇಡ. ಇಂಗ್ಲಿಷಲ್ಲಿ ಹಳ್ಳಿ, ಹಲ್ಲಿ ಒಂದೇ ಆಗುತ್ತೆ, ಒಬ್ಬೊಬ್ಬರು ಒಂದೊಂದು ಥರ ಬರೀತಾರೆ, ಎರಡು ಕೋಷ್ಟಕ ಹೊಂದಲ್ಲ. ಹೆಸರು ಕನ್ನಡದಲ್ಲೇ ಇರಲಿ, ಜೋಡಣೆಗೆ ಎಲ್‌ಜಿಡಿ (ಕೇಂದ್ರದ ಸ್ಥಳೀಯ ಸಂಸ್ಥೆಗಳ ಪಟ್ಟಿ) ಕೋಡ್ ಇಡಿ. ವಾರ್ಡ್ ಸಂಖ್ಯೆಯ ಕಾಲಂ ಪಠ್ಯವಾಗಿರಲಿ, ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ತೆರೆದರೆ "01" ಹೋಗಿ 1 ಆಗುತ್ತೆ.

ವಾರ್ಡ್_14:
ಎಲ್ಲರಿಗೂ ಧನ್ಯವಾದ. ಕಾರ್ಯಾದೇಶಕ್ಕೆ ಅರ್ಜಿ ಇವತ್ತೇ ಹಾಕ್ತೀನಿ, ಗಡಿ ನಾವೇ ನಡೆದು ಎಳೀತೀವಿ. ಚರಂಡಿಯ ನೀರು ಯಾವ ಕಡೆ ಹರಿಯುತ್ತೆ ಅನ್ನೋದಕ್ಕೆ ಮೊಬೈಲ್‌ನ ಎತ್ತರ ಸಾಕಾ?

ಪುರಸಭೆ_ಎಂಜಿನಿಯರ್:
ಸಾಲದು. 500ಕ್ಕೆ 1ರ ಇಳಿಜಾರಿನ ಚರಂಡಿ 100 ಮೀಟರ್‌ಗೆ ಇಳಿಯೋದು 20 ಸೆಂ.ಮೀ. ಮೊಬೈಲ್‌ನ ಎತ್ತರ ಮೀಟರ್‌ಗಟ್ಟಲೆ ತಪ್ಪುತ್ತೆ. ಆಟೋ ಲೆವೆಲ್ (ಮಟ್ಟ ನೋಡುವ ಉಪಕರಣ), ಸ್ಟಾಫ್ (ಅಳತೆ ಕೋಲು) ಬಾಡಿಗೆಗೆ ತನ್ನಿ. ಶಾಲೆ ಮೆಟ್ಟಿಲಿನಂಥ ಅಲುಗದ ಒಂದು ಜಾಗವನ್ನು 100.000 ಮೀಟರ್ ಎತ್ತರ ಅಂತ ಹಿಡಿದು ಶುರುಮಾಡಿ, ಕೊನೆಗೆ ಅಲ್ಲಿಗೇ ಬಂದು ಮುಗಿಸಿ, ಎಷ್ಟು ವ್ಯತ್ಯಾಸ ಬಂತು ನೋಡಿ. ಚರಂಡಿಯಲ್ಲಿ ಸ್ಟಾಫ್ ಹೂಳಿನ ಮೇಲೆ ನಿಲ್ಲದೆ ತಳಕ್ಕೆ ತಾಗಬೇಕು. ಮ್ಯಾನ್‌ಹೋಲ್ ಮುಚ್ಚಳವನ್ನು ನಮ್ಮ ಸಿಬ್ಬಂದಿ ಇಲ್ಲದೆ ತೆಗೆಯಬೇಡಿ. ಯಾರೂ ಒಳಗೆ ಇಳಿಯಬಾರದು, ಬಗ್ಗಿ ನೋಡಲೂಬಾರದು, ವಿಷಾನಿಲ ಇರುತ್ತೆ.

ಧಾರವಾಡ_ನಡಿಗೆ:
ಸಿಬ್ಬಂದಿ ಕಳಸ್ರಿ ಅಂತ ಪತ್ರ ಕೊಟ್ರ ಎಷ್ಟು ದಿನಕ್ಕ ಕಳಸ್ತೀರಿ ಸಾಹೇಬ್ರ, ಅದನ್ನೂ ಹೇಳ್ರಿ.