ಹಳೇ ‘ಟಾಪ್ ಆಫ್ ದಿ ಪಾಪ್ಸ್’ ನೋಡುವವರು ಯಾರಾದರೂ ಇದ್ದೀರಾ? ಅವರು ನುಡಿಸುತ್ತಿರುವುದು ನಿಜವೋ, ಟೇಪೋ?

ಕೀಬೋರ್ಡ್ ಮಾಸ್ತರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತೇನೆ. ಅದಕ್ಕೂ ಮೊದಲು ಎಷ್ಟೋ ವರ್ಷ ಆರ್ಕೆಸ್ಟ್ರಾದಲ್ಲಿದ್ದೆ. ಗಣಪತಿ ಹಬ್ಬ, ಮದುವೆ, ಜಾತ್ರೆ, ಎಲ್ಲಿಗೆ ಕರೆದರೂ ಹೋಗಿ ನುಡಿಸಿದವನು. ಶುರುವಿನಲ್ಲಿ ಅಕಾರ್ಡಿಯನ್, ಆಮೇಲೆ ಕೀಬೋರ್ಡ್.

ಕೆಲವು ತಿಂಗಳಿಂದ ರಾತ್ರಿ ಊಟ ಮುಗಿಸಿ ಯೂಟ್ಯೂಬ್‌ನಲ್ಲಿ ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ ನೋಡುತ್ತಿದ್ದೇನೆ. 1980ರಿಂದ 1983ರವರೆಗಿನ ಕಂತುಗಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆ ವಾರ ಬ್ರಿಟನ್ನಿನಲ್ಲಿ ಯಾವ ರೆಕಾರ್ಡ್ ಎಷ್ಟು ಮಾರಾಟವಾಯಿತು ಅನ್ನುವ ಲೆಕ್ಕದ ಮೇಲೆ ಒಂದು ಪಟ್ಟಿ. ಪಟ್ಟಿಯಲ್ಲಿರುವವರನ್ನು ಸ್ಟುಡಿಯೋಗೇ ಕರೆಸಿ ಹಾಡಿಸುತ್ತಿದ್ದರು, ಕೊನೆಗೆ ನಂಬರ್ ಒನ್ ಹಾಡು. 1964ರ ಜನವರಿ 1ಕ್ಕೆ ಶುರುವಾಗಿ 2006ರವರೆಗೂ ನಡೆಯಿತು. ರೇಡಿಯೋದಲ್ಲಿ ಹಿಂದಿ ಹಾಡುಗಳ ಪಟ್ಟಿ ಹೇಳುತ್ತಿದ್ದ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾಕ್ಕೆ ಕೈಕಾಲು ಬಂದು ಕಣ್ಣೆದುರು ಕುಣಿದರೆ ಹೇಗಿರುತ್ತದೋ ಹಾಗೆ.

ನಾನು ಹಾಡುವವರ ಮುಖ ನೋಡುವುದು ಕಡಿಮೆ. ನುಡಿಸುವವರ ಕೈ ನೋಡುತ್ತೇನೆ. ಅಲ್ಲೇ ನನಗೆ ಪ್ರಶ್ನೆ ಹುಟ್ಟಿದ್ದು. ಗಿಟಾರಿಗೆ ಕೇಬಲ್ಲೇ ಇರುವುದಿಲ್ಲ. ಡ್ರಮ್ಮರ್ ಕೈ ಮೇಲೆತ್ತಿದ್ದಾಗಲೇ ಸಿಂಬಲ್ ಸದ್ದು ಬಂದುಬಿಡುತ್ತದೆ. ಕೀಬೋರ್ಡಿನವನು ಎರಡು ಬೆರಳಿನಲ್ಲಿ ಒತ್ತುತ್ತಾನೆ, ಕೇಳಿಸುವುದು ಮಾತ್ರ ನಾಲ್ಕು ಸ್ವರ ಒಟ್ಟಿಗೆ ಮೊಳಗುವ ಕಾರ್ಡ್. ಹಾಗಾದರೆ ಪೂರ್ತಿ ಟೇಪಾ? ಅಥವಾ ಕೆಲವರಾದರೂ ನಿಜವಾಗಿ ನುಡಿಸಿದ್ದಾರಾ? ನಿಜವಾಗಿ ನುಡಿಸಿದ್ದು ಯಾವುದು ಅಂತ ಗೊತ್ತಿದ್ದರೆ ದಯವಿಟ್ಟು ಹೇಳಿ, ನನ್ನ ಹುಡುಗರಿಗೆ ತೋರಿಸಬೇಕು.

ಇನ್ನೊಂದು. ನಡುನಡುವೆ ಕೆಲವು ವಾರದ ಕಂತುಗಳು ಸಿಗುವುದೇ ಇಲ್ಲ. ಯಾಕೆ?

ಸೌಂಡ್ ಸಿಸ್ಟಂ, ಧಾರವಾಡ

ಮಾಸ್ತರ, ಒಳ್ಳೆ ಪ್ರಶ್ನೆ. ಅಲ್ಲಿಯ ಪದ್ಧತಿ ಹೀಗಿತ್ತು. ಬ್ರಿಟನ್ನಿನ ಮ್ಯುಸೀಶಿಯನ್ಸ್ ಯೂನಿಯನ್ ಬಹಳ ಗಟ್ಟಿ ಸಂಘಟನೆ. ಅಂಗಡಿಯಲ್ಲಿ ಮಾರುವ ರೆಕಾರ್ಡನ್ನೇ ಹಾಕಿ ಬಾಯಿ ಆಡಿಸಿದರೆ ನುಡಿಸುವವರ ಕೂಲಿ ಹೋಗುತ್ತದೆ, ಅದು ನಡೆಯುವುದಿಲ್ಲ ಅಂದರು. ಅದಕ್ಕೇ ಕಾರ್ಯಕ್ರಮಕ್ಕಾಗಿ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಬೇಕು ಅನ್ನುವ ನಿಯಮ ಬಂತು. ಮೂರು ತಾಸಿನ ಒಂದು ಸೆಷನ್. ಸ್ಟುಡಿಯೋದಲ್ಲಿ ಆ ಹೊಸ ಟೇಪಿಗೆ ಕೈ ಆಡಿಸುವುದು. ಎಷ್ಟೋ ಸಲ ಯೂನಿಯನ್ನಿನವರ ಕಣ್ಣು ತಪ್ಪಿಸಿ ಮೂಲ ಟೇಪನ್ನೇ ಕೊಟ್ಟು ಕಳಿಸುತ್ತಿದ್ದರು ಅಂತ ಆ ಕಾಲದ ಕಲಾವಿದರೇ ಆಮೇಲೆ ಹೇಳಿಕೊಂಡಿದ್ದಾರೆ.

ಅಂದರೆ ನೀವು ನೋಡುತ್ತಿರುವುದರಲ್ಲಿ ಜಾಸ್ತಿ ಪಾಲು ಟೇಪೇ. ಆದರೆ 1983ರ ಮಾರ್ಚ್‌ನಲ್ಲಿ ನ್ಯೂ ಆರ್ಡರ್ ತಂಡ ‘ಬ್ಲೂ ಮಂಡೇ’ ಹಾಡಿದ್ದನ್ನು ಹುಡುಕಿ. ನಾವು ನಿಜವಾಗಿಯೇ ನುಡಿಸುತ್ತೇವೆ ಅಂತ ಹಠ ಹಿಡಿದವರು ಅವರು. ಸದ್ದು ಒರಟು. ರೆಕಾರ್ಡಿನಷ್ಟು ನುಣುಪು ಇಲ್ಲ. ನಿಮ್ಮ ಹುಡುಗರಿಗೆ ಅದನ್ನೇ ತೋರಿಸಿ. ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್), ಸೀಕ್ವೆನ್ಸರ್ (ತುಂಬಿಟ್ಟ ಸ್ವರಗಳನ್ನು ತಾನೇ ನುಡಿಸುವ ಯಂತ್ರ) ಇಟ್ಟುಕೊಂಡು ಟಿವಿಯಲ್ಲಿ ಲೈವ್ ನುಡಿಸುವುದು ಆ ಕಾಲಕ್ಕೆ ಎಷ್ಟು ಕಷ್ಟ ಅಂತ ಒಂದೇ ಹಾಡಿನಲ್ಲಿ ತಿಳಿಯುತ್ತದೆ.

ಸಿಗದ ವಾರಗಳ ವಿಷಯ. ಬಿಬಿಸಿ ಫೋರ್ ಚಾನೆಲ್ 2011ರಲ್ಲಿ 1976ರ ಕಂತುಗಳಿಂದ ಹಿಡಿದು ಮರುಪ್ರಸಾರ ಶುರುಮಾಡಿತು. ಯೂಟ್ಯೂಬ್‌ನಲ್ಲಿ ಓಡಾಡುವುದು ಹೆಚ್ಚಾಗಿ ಅದರಿಂದ ತೆಗೆದದ್ದು. ನಿರೂಪಕರಲ್ಲಿ ಒಬ್ಬನಾದ ಜಿಮ್ಮಿ ಸ್ಯಾವಿಲ್ ಸತ್ತ ಮೇಲೆ, 2012ರಲ್ಲಿ, ಅವನು ಮಕ್ಕಳ ಮೇಲೆ ಮಾಡಿದ ದೌರ್ಜನ್ಯ ಹೊರಗೆ ಬಂತು. ಅವನು ನಡೆಸಿಕೊಟ್ಟ ಕಂತುಗಳನ್ನು ಬಿಬಿಸಿ ಆಮೇಲೆ ಹಾಕಲಿಲ್ಲ. ಸರಿಯಾದ ಕೆಲಸ. 1980ರಲ್ಲಿ ಜೂನ್, ಜುಲೈ ಪೂರ್ತಿ ಖಾಲಿ ಇರುವುದಕ್ಕೆ ಮಾತ್ರ ಕಾರಣ ಬೇರೆ. ಆಗ ಸಂಗೀತಗಾರರ ಮುಷ್ಕರ. ಖರ್ಚು ಇಳಿಸಲು ಬಿಬಿಸಿ ತನ್ನ ಕೆಲವು ಆರ್ಕೆಸ್ಟ್ರಾಗಳನ್ನು ಮುಚ್ಚಲು ಹೊರಟಿತ್ತು. ಯೂನಿಯನ್ ಕೆಲಸ ನಿಲ್ಲಿಸಿತು. ಮೇ ಕೊನೆಯಿಂದ ಆಗಸ್ಟ್ 7ರವರೆಗೆ ‘ಟಾಪ್ ಆಫ್ ದಿ ಪಾಪ್ಸ್’ ಬರಲೇ ಇಲ್ಲ.

ಕೀಬೋರ್ಡ್ ಮಾಸ್ತರ, ಹುಬ್ಬಳ್ಳಿ

ಸರ್, ತುಂಬಾ ಉಪಕಾರ ಆಯಿತು. ಮುಷ್ಕರದ ವಿಷಯ ಓದಿ ರಾತ್ರಿ ಮತ್ತೆ ಹಿಂದಿನದೂ ಮುಂದಿನದೂ ಹಾಕಿಕೊಂಡು ನೋಡಿದೆ. ಮುಷ್ಕರಕ್ಕೆ ಮೊದಲು ಆ ಕಾರ್ಯಕ್ರಮಕ್ಕೆ ಅದರದೇ ಆರ್ಕೆಸ್ಟ್ರಾ ಇತ್ತು, ಜಾನಿ ಪಿಯರ್ಸನ್ ನಡೆಸುತ್ತಿದ್ದರು. ಒಬ್ಬರೇ ಬಂದ ಗಾಯಕರಿಗೆ ಹಿಂದೆ ಕೂತು ಇವರು ನುಡಿಸುವುದು. ಮುಷ್ಕರ ಮುಗಿದ ಮೇಲೆ ಅವರಿಗೆ ಕೆಲಸವೇ ಅಪರೂಪ. ಮೈಕಲ್ ಹರ್ಲ್ ಅನ್ನುವ ಹೊಸ ನಿರ್ಮಾಪಕರು ಬಂದರು. ಬಲೂನು, ಬಾವುಟ, ಕೂಗಾಟ, ಸ್ಟುಡಿಯೋ ಪೂರ್ತಿ ಪಾರ್ಟಿಯ ಹಾಗಾಯಿತು. ನೋಡಲು ಖುಷಿ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಬಲೂನಿನ ನಡುವೆ ನನ್ನ ಕಣ್ಣು ವಯಲಿನ್ನಿನವರನ್ನು ಹುಡುಕುತ್ತದೆ.

ಯಾಕೆ ಅಂದರೆ ನಮ್ಮಲ್ಲೂ ಆದದ್ದು ಇದೇ. ನಾನು ಸೇರಿದಾಗ ನಮ್ಮ ಮೇಳದಲ್ಲಿ ಎರಡು ವಯಲಿನ್, ಒಂದು ಕ್ಲಾರಿನೆಟ್, ಮ್ಯಾಂಡೊಲಿನ್, ತಬಲಾ, ಢೋಲಕ್, ಕಾಂಗೋ, ಜತೆಗೆ ನನ್ನ ಅಕಾರ್ಡಿಯನ್. 1980ರಲ್ಲಿ ‘ಕುರ್ಬಾನಿ’ ಬಂತು. ‘ಆಪ್ ಜೈಸಾ ಕೋಯಿ’ ಹಾಡಿಗೆ ಒನ್ಸ್ ಮೋರ್ ಕೂಗದ ಊರಿಲ್ಲ. ಆ ಹಾಡು ಮಾಡಿದವರು ಬೆಂಗಳೂರಲ್ಲಿ ಹುಟ್ಟಿದ ಬಿದ್ದು. ಲಂಡನ್ನಿಗೆ ಹೋಗಿ, ಕಾರ್ಲ್ ಡಗ್ಲಸ್‌ಗೆ ‘ಕುಂಗ್ ಫೂ ಫೈಟಿಂಗ್’ ಮಾಡಿಕೊಟ್ಟು, 1974ರಲ್ಲಿ ಇದೇ ಬ್ರಿಟನ್ ಪಟ್ಟಿಯಲ್ಲಿ ನಂಬರ್ ಒನ್ ಮಾಡಿದವರು. ನಮ್ಮ ಕರ್ನಾಟಕದ ಮನುಷ್ಯ, ಹೆಮ್ಮೆ ಅಲ್ವಾ? ಆದರೆ ಆ ಹಾಡಿನ ಸದ್ದು ನನ್ನ ಅಕಾರ್ಡಿಯನ್ನಿನಿಂದ ಏನು ಮಾಡಿದರೂ ಹೊರಡುತ್ತಿರಲಿಲ್ಲ. ಜನ ಕೇಳಿದ್ದು ಆ ಸದ್ದನ್ನೇ. ಹೀಗೆ ನಮ್ಮ ಮೇಳಕ್ಕೆ ಕೀಬೋರ್ಡ್ ಬಂತು. ಮೊದಲು ವಯಲಿನ್ ಹೋಯಿತು, ಆಮೇಲೆ ಕ್ಲಾರಿನೆಟ್. ಕ್ಲಾರಿನೆಟ್ ನುಡಿಸುತ್ತಿದ್ದ ಹಿರಿಯರು ಬ್ಯಾಂಡ್ ಕಂಪನಿ ಸೇರಿಕೊಂಡರು. ಅವರ ಪಾಲಿನ ಸ್ವರಗಳನ್ನು ನಾನೇ ಕೀಬೋರ್ಡಿನಲ್ಲಿ ನುಡಿಸುತ್ತಿದ್ದೆ.

1981ರ ಡಿಸೆಂಬರ್ ಕಂತು ನೋಡಿ. ಹ್ಯೂಮನ್ ಲೀಗ್ ತಂಡದ ‘ಡೋಂಟ್ ಯು ವಾಂಟ್ ಮಿ’, ಆ ಕ್ರಿಸ್‌ಮಸ್ಸಿನ ನಂಬರ್ ಒನ್. ವೇದಿಕೆ ಮೇಲೆ ಡ್ರಮ್ಮರ್ ಇಲ್ಲವೇ ಇಲ್ಲ. ಕೇಳಿಸುವುದು ಮಾತ್ರ ನಿಜವಾದ ಡ್ರಮ್ಮಿನ ಸದ್ದು. ಲಿನ್ ಎಲ್‌ಎಂ-1 ಅನ್ನುವ ಪೆಟ್ಟಿಗೆ ಅದು. ನಿಜವಾದ ಡ್ರಮ್ಮಿನ ಒಂದೊಂದು ಏಟನ್ನೂ ಮೊದಲೇ ರೆಕಾರ್ಡ್ ಮಾಡಿ ಚಿಪ್ಪಿನಲ್ಲಿ ತುಂಬಿದ್ದರು. ಗುಂಡಿ ಒತ್ತಿದರೆ ಆ ಏಟು. ಅದನ್ನು ನೋಡಿದಾಗ ನನ್ನ ಕೈಬೆರಳು ತಂತಾನೇ ನಿಂತವು.

ಮಾಳಮಡ್ಡಿ ತಂಬೂರಿ, ಧಾರವಾಡ

ಮಾಸ್ತರ್, ನಾನು ಹಿಂದುಸ್ತಾನಿ ಕಲಿತವಳು, ಪಾಪ್ ನನ್ನ ದಾರಿ ಅಲ್ಲ. ಆದರೂ ಒಂದು ಹೇಳಲೇಬೇಕು. 1982ರ ವಸಂತದ ಕಂತುಗಳಲ್ಲಿ ಮಾನ್ಸೂನ್ ಅನ್ನುವ ತಂಡ ಹುಡುಕಿ. ಹಾಡು ‘ಎವರ್ ಸೋ ಲೋನ್ಲಿ’. ಹಾಡುವ ಹುಡುಗಿ ಶೀಲಾ ಚಂದ್ರ, ಭಾರತ ಮೂಲದ ಮನೆತನದವರು, ಆಗ ಹದಿನೇಳು ವರ್ಷ. ಆ ಬಣ್ಣಬಣ್ಣದ ಕೂದಲು, ತೋಳು ಕಿತ್ತ ಅಂಗಿಯ ಹುಡುಗರ ನಡುವೆ ಸೀರೆ ಉಟ್ಟು ನಿಂತಿದ್ದಾರೆ. ಸಿತಾರ್ ಇದೆ, ತಬಲಾ ಇದೆ. ಪಟ್ಟಿಯಲ್ಲಿ 12ನೇ ಸ್ಥಾನದವರೆಗೆ ಹೋಯಿತು.

ನಾನು ಗಮನಿಸಿದ್ದು ಆ ಹಾಡಿನ ಶ್ರುತಿ. ಪಾಪ್ ಹಾಡು ಅಂದರೆ ಕಾರ್ಡ್ ಬದಲಾಗುತ್ತಾ ಹೋಗಬೇಕಲ್ಲ. ಇಲ್ಲಿ ಕೆಳಗೆ ಷಡ್ಜ ಹಿಡಿದು ನಿಂತ ಹಾಗೆ ಒಂದು ನಾದ ಇದೆ, ಅದರ ಮೇಲೆ ದನಿ ಆಡುತ್ತದೆ. ಬ್ರಿಟನ್ನಿನ ಶಾಲೆ ಮಕ್ಕಳು ಇದಕ್ಕೆ ಕುಣಿದರು ಅಂದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಶೀಲಾ ಚಂದ್ರ ಮುಂದೆ ಇದೇ ನಾದವನ್ನು ಹಿಡಿದು ಆಳಕ್ಕೆ ಹೋದರು. 1992ರ ಅವರ ಆಲ್ಬಂನಲ್ಲಿ ಕೊನ್ನಕ್ಕೋಲ್ ಕೂಡ ಇದೆ, ನಮ್ಮ ದಕ್ಷಿಣದ ತಾಳದ ಬಾಯಿಪಾಠ. ಆಮೇಲೆ ಬಾಯಿ ಉರಿಯ ಒಂದು ಕಾಯಿಲೆ ಬಂದು ಹಾಡುವುದನ್ನೇ ಬಿಡಬೇಕಾಯಿತು. ದನಿಯನ್ನೇ ನಂಬಿ ಬದುಕಿದವರಿಗೆ ಇದಕ್ಕಿಂತ ದೊಡ್ಡ ನೋವು ಯಾವುದಿದೆ? ಆ 1982ರ ಹಾಡು ಇವತ್ತಿಗೂ ಉಳಿದಿದೆ ಅನ್ನುವುದೇ ಸಮಾಧಾನ. ಎಪ್ಪತ್ತರ ದಶಕದ ನಡುವಿನವರೆಗೂ ಬಿಬಿಸಿ ಎಷ್ಟೋ ಟೇಪುಗಳನ್ನು ಅಳಿಸಿ ಮತ್ತೆ ಬಳಸಿಬಿಟ್ಟಿತ್ತು.

ರೇಡಿಯೋ ಸಿಲೋನ್, ಗದಗ

ನಾನು ಬಿನಾಕಾ ಗೀತ್‌ಮಾಲಾ ಕೇಳುತ್ತಾ ಬೆಳೆದವನು. ಬುಧವಾರ ರಾತ್ರಿ ಎಂಟಕ್ಕೆ ಓಣಿಯೇ ಸುಮ್ಮನಾಗುತ್ತಿತ್ತು. ‘ಪಾಯದಾನ್’, ಅಂದರೆ ಪಟ್ಟಿಯ ಮೆಟ್ಟಿಲು, ಅದರ ಮೇಲೆ ಯಾವ ಹಾಡು ಹತ್ತಿತು, ಯಾವುದು ಇಳಿಯಿತು ಅಂತ ವಹಿಯಲ್ಲಿ ಬರೆದಿಡುತ್ತಿದ್ದೆ. ಅದಕ್ಕೇ ಮಾಸ್ತರಿಗೆ ಒಂದು ಸಲಹೆ: ಬಿಡಿ ಹಾಡಿನ ತುಣುಕು ನೋಡಬೇಡಿ, ವಾರ ತಪ್ಪದ ಹಾಗೆ ಪೂರ್ತಿ ಕಂತು ನೋಡಿ. ಆಗ ಪಟ್ಟಿಯ ಜಗಳ ಕಾಣುತ್ತದೆ.

1981ರ ಫೆಬ್ರವರಿ ತೆಗೆದುಕೊಳ್ಳಿ. ಅಲ್ಟ್ರಾವಾಕ್ಸ್ ತಂಡದ ‘ವಿಯೆನ್ನಾ’ ಎರಡನೇ ಸ್ಥಾನಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಮೇಲೆ ಕೂತಿದ್ದು ಜೋ ಡೋಲ್ಚೆಯ ಒಂದು ತಮಾಷೆ ಹಾಡು. ಇಷ್ಟು ವರ್ಷದ ಮೇಲೂ ಅಲ್ಲಿನವರು ಅದಕ್ಕೆ ಹೊಟ್ಟೆ ಉರಿದುಕೊಳ್ಳುತ್ತಾರೆ. ಬಿಡಿಯಾಗಿ ‘ವಿಯೆನ್ನಾ’ ನೋಡಿದರೆ ಈ ಸಂಕಟ ಗೊತ್ತಾಗುವುದಿಲ್ಲ. ಮಾಸ್ತರಿಗೆ ಇಷ್ಟವಾಗುವುದು ಇನ್ನೊಂದಿದೆ: ಆ ಹಾಡಿನ ವಯೋಲಾ (ವಯಲಿನ್ನಿಗಿಂತ ತುಸು ದೊಡ್ಡ ವಾದ್ಯ) ನುಡಿಸಿದ್ದು ಅವರ ಕೀಬೋರ್ಡಿನವರೇ, ಬಿಲ್ಲಿ ಕರಿ.

ಇಳಿಯುವ ಹಾಡನ್ನು ತೋರಿಸುವುದಿಲ್ಲ ಅನ್ನುವುದು ಆ ಕಾರ್ಯಕ್ರಮದ ನಿಯಮವಾಗಿತ್ತು. ಹತ್ತುವ ಹಾಡು, ಹೊಸದಾಗಿ ಬಂದ ಹಾಡು, ಕೊನೆಗೆ ನಂಬರ್ ಒನ್. ಆದ್ದರಿಂದ ಒಂದೇ ಒಂದು ಸಲ ಮುಖ ತೋರಿಸಿ ಮುಂದಿನ ವಾರ ಮಾಯವಾದವರು ಎಷ್ಟೋ ಜನ. ನನಗೆ ಅವರನ್ನು ನೋಡುವುದೇ ಜಾಸ್ತಿ ಇಷ್ಟ.

ಡಿಜೆ ಹುಡುಗ, ಹಾವೇರಿ

ಮಾಸ್ತರ್ ಕಾಕಾ, ಬೇಜಾರಾಗಬೇಡಿ. ಟೇಪ್ ಹಾಕಿದರೆ ಏನಾಯಿತು? ಜನ ಕುಣಿದರೋ ಇಲ್ಲವೋ? ನಾನು ಮದುವೆಗೆ ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿದ ಹಿನ್ನೆಲೆ ವಾದ್ಯ) ಹಾಕುತ್ತೇನೆ, ಹಾಡುವವರು ಒಬ್ಬರು ಬಂದರೆ ಸಾಕು. ಹತ್ತು ಜನರ ಮೇಳ ಕರೆಸುವಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ. ಆ ಸಿಂಥಸೈಜರ್ ಹುಡುಗರಿಗೂ ದುಡ್ಡು ಇರಲಿಲ್ಲ, ಪೆಟ್ಟಿಗೆ ಇದ್ದುದರಿಂದಲೇ ಅವರಿಗೆ ಟಿವಿ ಸಿಕ್ಕಿತು.

ಕೀಬೋರ್ಡ್ ಮಾಸ್ತರ, ಹುಬ್ಬಳ್ಳಿ

ತಮ್ಮಾ, ಬೇಜಾರೇನೂ ಇಲ್ಲ. ನೀನು ಹೇಳಿದ ಕೊನೇ ಮಾತು ಖರೇ. ಸಾಫ್ಟ್ ಸೆಲ್ ಅಂದರೆ ಇಬ್ಬರೇ, ಒಬ್ಬ ಹಾಡುವವ, ಒಬ್ಬ ಕೀಬೋರ್ಡಿನವ. 1981ರಲ್ಲಿ ನಂಬರ್ ಒನ್ ಆದರು. ಮೇಳ ಕಟ್ಟುವಷ್ಟು ಗತಿ ಇಲ್ಲದ ಹುಡುಗರಿಗೆ ಆ ಪೆಟ್ಟಿಗೆ ಬಾಗಿಲು ತೆರೆಯಿತು. ನಾನೂ ಆ ಪೆಟ್ಟಿಗೆಯಿಂದಲೇ ಮನೆ ನಡೆಸಿದವನು.

ಆದರೆ ನನ್ನ ಮಾತು ಬೇರೆ. 1982ರಲ್ಲಿ ಅದೇ ಯೂನಿಯನ್ನಿನ ಸೆಂಟ್ರಲ್ ಲಂಡನ್ ಶಾಖೆ, ಸಿಂಥಸೈಜರ್ ಮತ್ತು ಡ್ರಮ್ ಮಷೀನ್ ನಿಷೇಧಿಸಬೇಕು ಅಂತ ಠರಾವು ಮಾಡಿತ್ತು. ಬ್ಯಾರಿ ಮ್ಯಾನಿಲೋ ಎಂಬ ಗಾಯಕ ತನ್ನ ಪ್ರವಾಸದಲ್ಲಿ ಆರ್ಕೆಸ್ಟ್ರಾ ಬದಲು ಸಿಂಥಸೈಜರ್ ತಂದಿದ್ದೇ ಕಾರಣ. ಠರಾವು ನಡೆಯಲಿಲ್ಲ, ನಡೆಯುವಂಥದ್ದೂ ಅಲ್ಲ. ವಾದ್ಯವನ್ನು ನಿಷೇಧಿಸುವುದು ತಪ್ಪೇ. ಆದರೂ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಅಲ್ಲಿ ನುಡಿಸುವವರ ಪರವಾಗಿ ಕೇಳಲು ಒಂದು ಸಂಘಟನೆಯಾದರೂ ಇತ್ತು. ಹೊಸದಾಗಿ ರೆಕಾರ್ಡ್ ಮಾಡಿಸಿ, ಕೂಲಿ ಕೊಡಿ ಅನ್ನುತ್ತಿತ್ತು. ನಮ್ಮ ಕ್ಲಾರಿನೆಟ್ ಅಜ್ಜನ ಪರವಾಗಿ ಯಾರೂ ಕೇಳಲಿಲ್ಲ. ‘ಮುಂದಿನ ವಾರದಿಂದ ಬರಬೇಡಿ’ ಅಂದರು, ಅಷ್ಟೇ.

ನಿನ್ನ ಟ್ರ್ಯಾಕ್ ನಿಲ್ಲಿಸು ಅನ್ನುವುದಿಲ್ಲ. ಟ್ರ್ಯಾಕಿನ ಜತೆ ಒಬ್ಬ ತಬಲಾದವರನ್ನೋ ಕೊಳಲಿನವರನ್ನೋ ಕೂರಿಸು. ಹಾವೇರಿಯಲ್ಲಿ, ರಾಣೆಬೆನ್ನೂರಿನಲ್ಲಿ ನುಡಿಸುವವರು ಬೇಕಾದಷ್ಟು ಜನ ಇದ್ದಾರೆ. ಮದುವೆ ಮನೆಯವರಿಗೆ ಬಹಳ ಹೊರೆ ಆಗುವುದಿಲ್ಲ. ನಿನ್ನ ಕಾರ್ಯಕ್ರಮಕ್ಕೂ ಕಳೆ ಬರುತ್ತದೆ, ಮಾಡಿ ನೋಡು.

ಡಿಜೆ ಹುಡುಗ, ಹಾವೇರಿ

ಆಯ್ತು ಕಾಕಾ. ನಮ್ಮ ಓಣಿಯಲ್ಲಿ ಒಬ್ಬರು ಢೋಲಕ್ ನುಡಿಸುವವರು ಇದ್ದಾರೆ, ಭಜನೆಗೆ ಹೋಗುತ್ತಾರೆ. ಕೇಳಿ ನೋಡುತ್ತೇನೆ. ಟ್ರ್ಯಾಕಿನ ಲಯಕ್ಕೆ ಅವರು ಹೊಂದಿಕೊಳ್ಳಬೇಕಾದರೆ ಏನು ಮಾಡಬೇಕು?

ಸೌಂಡ್ ಸಿಸ್ಟಂ, ಧಾರವಾಡ

ಅವರ ಪಕ್ಕಕ್ಕೆ ಒಂದು ಮಾನಿಟರ್ ಸ್ಪೀಕರ್ ಇಡು, ಅದರಲ್ಲಿ ಟ್ರ್ಯಾಕಿನ ತಾಳ ಜೋರಾಗಿ ಬರಲಿ. ಟ್ರ್ಯಾಕಿನಲ್ಲಿರುವ ಢೋಲಕ್ ದನಿಯನ್ನು ಪೂರ್ತಿ ತೆಗೆದುಬಿಡು, ಇಲ್ಲದಿದ್ದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ತಾಲೀಮಿಗೆ ಒಂದು ಸಂಜೆ ಕೊಡು, ಆ ಸಂಜೆಗೂ ಅವರಿಗೆ ದುಡ್ಡು ಕೊಡು.