ಮೈಶಾಖ ಹಿಡಿದು ಮನುಷ್ಯರ ಹಿಂದೆ ಬರೋ ಗಾಡಿ: ಪಿಐಆರ್ ಸಾಕಾ?

ಹೇಮಾವತಿ_ದಡ (ಹಾಸನ):
ಕಾಲೇಜಿನ ಎಕ್ಸಿಬಿಷನ್‌ಗೆ, ಮುಂದೆ ನಡೆಯೋರ ಶಾಖ ನೋಡಿ ಹಿಂದೆ ಬರೋ ಗಾಡಿ ಮಾಡ್ತಿದ್ದೀವಿ. ಆರ್ಡುಯಿನೊ ಉನೊ (ಪುಟ್ಟ ಕಂಟ್ರೋಲ್ ಬೋರ್ಡ್), ಎಲ್298ಎನ್ ಮೋಟರ್ ಡ್ರೈವರ್, ಹಳದಿ ಗೇರ್ ಮೋಟರ್ 4, 18650 ಲಿಥಿಯಂ ಸೆಲ್ 2, ಮುಂದೆ ಎಡಕ್ಕೊಂದು ಬಲಕ್ಕೊಂದು ಎಚ್‌ಸಿ-ಎಸ್‌ಆರ್501 (ಶಾಖದ ಚಲನೆ ಹಿಡಿಯೋ ಪಿಐಆರ್ ಸೆನ್ಸರ್). ಗಾಡಿ ನಿಂತಿದ್ದಾಗ ಸೆನ್ಸರ್ ಸರಿಯಾಗಿದೆ. ಹೊರಟ ತಕ್ಷಣ ಎರಡೂ ಹೈ (ಸಿಗ್ನಲ್ ಆನ್) ಆಗಿ ಕೂತುಬಿಡುತ್ತೆ. ಸೆನ್ಸಿಟಿವಿಟಿ ಕಡಿಮೆ ಮಾಡಿದ್ರೂ ಅಷ್ಟೇ. ಇದನ್ನೇ ಸರಿಮಾಡಬಹುದಾ, ಬೇರೆ ಹಾಕ್ಬೇಕಾ?

ಕಣದ_ಕಾಫಿ (ಚಿಕ್ಕಮಗಳೂರು):
ಪಿಐಆರ್ ಬಿಟ್ಟುಬಿಡಿ. ಶಾಖ ಅದರ ಮುಂದೆ ಸರಿದಾಡಿದಾಗ ಮಾತ್ರ ಅದಕ್ಕೆ ಸಿಗ್ನಲ್. ಗಾಡಿಯೇ ಓಡಿದ್ರೆ ಗೋಡೆ, ಕಿಟಕಿ, ಬಲ್ಬು ಎಲ್ಲವೂ ಸರಿದ ಹಾಗೇ ಲೆಕ್ಕ. ಟೈಮ್ ಪಾಟ್ (ಸಮಯ ಹೊಂದಿಸೋ ತಿರುಪು) ಪೂರ್ತಿ ಇಳಿಸಿದ್ರೂ ಒಂದ್ಸಲ ಹೈ ಆದ್ರೆ ಸುಮಾರು 3 ಸೆಕೆಂಡ್ ಹಾಗೇ ಇರುತ್ತೆ.

ಎಎಂಜಿ8833 ಅನ್ನೋ ಶಾಖದ ಕ್ಯಾಮೆರಾ ಸೆನ್ಸರ್ ತಗೊಳ್ಳಿ. 8×8 ಚುಕ್ಕೆ, 60 ಡಿಗ್ರಿ ನೋಟ, ಸೆಕೆಂಡಿಗೆ 10 ಚಿತ್ರ. 64 ಫ್ಲೋಟ್‌ಗೆ (ದಶಮಾಂಶ ಅಂಕಿ) 256 ಬೈಟ್ ಮೆಮೊರಿ ಸಾಕು, ಉನೊದಲ್ಲೇ ಹಿಡಿಯುತ್ತೆ. ಇನ್ನೂ ಹೆಚ್ಚು ಚುಕ್ಕೆಯ ಎಂಎಲ್‌ಎಕ್ಸ್90640 ಆಸೆಗೆ ಬೀಳ್ಬೇಡಿ: ಅದರ 768 ಚುಕ್ಕೆಗೇ 3 ಕೆಬಿ ಬೇಕು, ಉನೊದಲ್ಲಿರೋದು 2 ಕೆಬಿ. ಅದಕ್ಕೆ ಹೆಚ್ಚು ಮೆಮೊರಿಯ ಇಎಸ್‌ಪಿ32 ಬೋರ್ಡ್ ಬೇಕಾಗುತ್ತೆ.

ಹೆಚ್ಚಿನವರು ಎಡವೋದು ಕೋಡ್‌ನಲ್ಲಿ. "30 ಡಿಗ್ರಿ ದಾಟಿದ್ರೆ ಮನುಷ್ಯ" ಅಂತ ಬರೀಬೇಡಿ. 2 ಮೀಟರ್ ದೂರದಲ್ಲಿ ಒಂದು ಚುಕ್ಕೆ ಸುಮಾರು 26 ಸೆಂ.ಮೀ. ಅಗಲ ನೋಡುತ್ತೆ. ಚರ್ಮ 33 ಇದ್ರೂ ಹಿಂದಿನ 25ರ ಗೋಡೆ ಜೊತೆ ಬೆರೆತು 29ರ ಆಸುಪಾಸು ಬರುತ್ತೆ. ಅದೂ ಹಿಂದಿನಿಂದ ಕಾಣೋದು ಬಟ್ಟೆ, ತಲೆಕೂದಲು. ಅವು ಚರ್ಮಕ್ಕಿಂತ ತಣ್ಣಗಿರುತ್ತೆ. 64 ಅಂಕಿಯನ್ನೂ ಏರಿಕೆ ಕ್ರಮದಲ್ಲಿ ಜೋಡಿಸಿ 16ನೆಯದನ್ನು ಹಿನ್ನೆಲೆ ಅಂತ ಇಟ್ಕೊಳ್ಳಿ. ಅದಕ್ಕಿಂತ 2 ಡಿಗ್ರಿ ಮೇಲಿರೋ ಚುಕ್ಕೆಗಳನ್ನು ಮಾತ್ರ ತಗೊಂಡು, ಎಷ್ಟು ಮೇಲಿದೆ ಅನ್ನೋದನ್ನೇ ತೂಕವಾಗಿಟ್ಟು ಕಾಲಂನ ಸರಾಸರಿ ತೆಗೀರಿ. ಕಾಲಂ 0ರಿಂದ 7, ಮಧ್ಯ 3.5. ಆ ಸರಾಸರಿಗೂ ಮಧ್ಯಕ್ಕೂ ಇರೋ ವ್ಯತ್ಯಾಸವನ್ನು 25ರಿಂದ ಗುಣಿಸಿ ಒಂದು ಬದಿಯ ಪಿಡಬ್ಲ್ಯುಎಂಗೆ (ಮೋಟರ್ ವೇಗದ ಅಂಕಿ) ಕೂಡಿ, ಇನ್ನೊಂದರಿಂದ ಕಳೀರಿ. ಮೂಲವೇಗ 140ರಿಂದ ಶುರುಮಾಡಿ. ವ್ಯತ್ಯಾಸ 0.4ರೊಳಗಿದ್ರೆ ನೇರ ಬಿಡಿ, ಇಲ್ಲಾಂದ್ರೆ ಹಾವಿನ ನಡಿಗೆ.

ಹಿನ್ನೆಲೆಗೆ ಸರಾಸರಿ ಅಥವಾ ಮಧ್ಯದ ಅಂಕಿ ಯಾಕೆ ಬೇಡ ಅಂದ್ರೆ, ಮನುಷ್ಯ ಹತ್ತಿರ ಬಂದಾಗ ಅರ್ಧಕ್ಕಿಂತ ಹೆಚ್ಚು ಚುಕ್ಕೆ ಅವನೇ ತುಂಬ್ತಾನೆ. ಆಗ ಅವನೇ ಹಿನ್ನೆಲೆ ಆಗಿ, ಗಾಡಿ ಮಂಕಾಗುತ್ತೆ. 70 ಸೆಂ.ಮೀ.ಗೆ ನಿಲ್ಸೋಕೆ ಎಚ್‌ಸಿ-ಎಸ್‌ಆರ್04 (ಶಬ್ದದ ಅಲೆಯಿಂದ ದೂರ ಅಳೆಯೋ ಸೆನ್ಸರ್) ಬೇರೆ ಹಾಕಿ. ದೂರ ಹೇಳೋದು ಶಾಖದ ಕೆಲಸ ಅಲ್ಲ.

ಬೆಸುಗೆ_ಭಟ್ಟ:
ಮೇಲಿನದಕ್ಕೆ ಸೇರಿಸ್ತೀನಿ. ಮೋಟರ್ ತಿರುಗಿದಾಗ ಐ2ಸಿ (ಸೆನ್ಸರ್‌ನಿಂದ ಉನೊಗೆ ಅಂಕಿ ಬರೋ ಎರಡು ವೈರ್‌ನ ದಾರಿ) ಹ್ಯಾಂಗ್ ಆಗೋ ಸಾಧ್ಯತೆ ಹೆಚ್ಚು. ಪ್ರತಿ ಮೋಟರ್‌ನ ಎರಡು ಕಾಲಿಗೂ ಅಡ್ಡಲಾಗಿ 104 (0.1 ಮೈಕ್ರೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ, ಡ್ರೈವರ್ ಸಪ್ಲೈಗೆ 1000 ಮೈಕ್ರೋಫ್ಯಾರಡ್ 16 ವೋಲ್ಟ್. ಸೆನ್ಸರ್ ವೈರ್ 15 ಸೆಂ.ಮೀ. ದಾಟದಿರಲಿ, ಮೋಟರ್ ವೈರ್ ಜೊತೆ ಕಟ್ಟಬೇಡಿ. ಸೆನ್ಸರ್ 3.3 ವೋಲ್ಟಿಂದು, ಬೋರ್ಡ್‌ನಲ್ಲಿ ಲೆವೆಲ್ ಶಿಫ್ಟರ್ (ವೋಲ್ಟೇಜ್ ಹೊಂದಿಸೋ ಭಾಗ) ಇದೆಯಾ ನೋಡ್ಕೊಂಡು ಉನೊಗೆ ಕೊಡಿ. ಎಲ್298ಎನ್ ಹತ್ತಿರತ್ತಿರ 2 ವೋಲ್ಟ್ ತಿನ್ನುತ್ತೆ. ಟಿಬಿ6612 ಡ್ರೈವರ್ ಆದ್ರೆ ಅಷ್ಟು ನಷ್ಟವೂ ಇಲ್ಲ, ಸೆನ್ಸರ್ ಪಕ್ಕದಲ್ಲಿ ಬಿಸಿಯಾಗೋ ಹೀಟ್‌ಸಿಂಕೂ ಇಲ್ಲ.

ಹೇಮಾವತಿ_ದಡ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಸೆನ್ಸರ್ ಮುಂದೆ ಅಕ್ರಿಲಿಕ್ ಶೀಟ್ ಹಾಕಿ ಮುಚ್ಚಬಹುದಾ? ಹಾಲ್‌ಗೆ ತಗಡಿನ ಮಾಡು, ಮಧ್ಯಾಹ್ನ ಕಾಯುತ್ತೆ.

ಕಣದ_ಕಾಫಿ:
ಅಕ್ರಿಲಿಕ್, ಗಾಜು ಎರಡೂ ಬೇಡ. ಮೈಶಾಖದ ಅಲೆ 8–14 ಮೈಕ್ರೋಮೀಟರ್, ಅದು ಅವುಗಳ ಮೂಲಕ ದಾಟಲ್ಲ. ಗಾಜಿನದೇ ಉಷ್ಣಾಂಶ ಓದ್ತಾ ಕೂರುತ್ತೆ. ಮುಚ್ಚಲೇಬೇಕಂದ್ರೆ ತೆಳು ಪಾಲಿಥೀನ್ ಹಾಳೆ ಒಂದು ಪದರ.

ಕಾದ ತಗಡು ನಿಜವಾದ ತೊಂದರೆ. ಸೆನ್ಸರನ್ನು 15 ಡಿಗ್ರಿ ಮಾತ್ರ ಮೇಲಕ್ಕೆ ಓರೆ ಮಾಡಿ, ಮೇಲಿನ ಎರಡು ಸಾಲನ್ನು ಲೆಕ್ಕದಿಂದ ಬಿಡಿ. ಏಪ್ರಿಲ್ ಮಧ್ಯಾಹ್ನ ಗೋಡೆಯೇ 33 ಮುಟ್ಟಿದ್ರೆ ಯಾವ ಕೋಡೂ ಉಳಿಸಲ್ಲ, ಬಿಸಿಲಲ್ಲಿ ಕಾದ ಕಾಫಿ ಕಣದ ಸಿಮೆಂಟಿನ ಮೇಲಂತೂ ಓಡಿಸಲೇಬೇಡಿ. ಡೆಮೊ ಬೆಳಿಗ್ಗೆ ಇಟ್ಕೊಳ್ಳಿ.

ಜನ ಜಾಸ್ತಿ ಇದ್ರೆ ಹಿಂದಿನ ಚಿತ್ರದಲ್ಲಿ ಸಿಕ್ಕ ಕಾಲಂನಿಂದ ಆಚೀಚೆ 2 ಕಾಲಂ ಮಾತ್ರ ಹುಡುಕಿ. ಕಳೆದುಹೋದ್ರೆ ಕೊನೆಗೆ ಕಂಡ ಕಡೆಗೆ 2 ಸೆಕೆಂಡ್ ತಿರುಗಲಿ, ಆಮೇಲೆ ನಿಲ್ಲಲಿ. ಮೋಟರ್ ವೈರ್ ಕಿತ್ತಿಟ್ಟು, ಮೊದಲು ಸೀರಿಯಲ್ ಮಾನಿಟರ್‌ನಲ್ಲಿ (ಕಂಪ್ಯೂಟರ್ ಪರದೆಯಲ್ಲಿ ಉನೊದ ಅಂಕಿ ತೋರಿಸೋದು) 8×8 ಅಂಕಿ ನೋಡಿ: ನೀವು ಬಲಕ್ಕೆ ಸರಿದಾಗ ಅಂಕಿ ಎಡಕ್ಕೆ ಸರಿದ್ರೆ ಕಾಲಂ ತಿರುಗಿಸಿ ಓದ್ಕೊಳ್ಳಿ.