ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳೋದೋ ಬ್ಯಾಡೋ? ದಾವಣಗೆರೆ ಮೆಕ್ಯಾನಿಕ್ ಹತ್ರ ಕೇಳಿ

ಹರಿಹರ ಅಪ್‌ಡೌನ್: ಅಣ್ಣಾ, ಡ್ಯೂಟಿಗೆ ದಿನಾ ಹರಿಹರ. ಹೋಗಿ ಬರೋದು 30 ಕಿ.ಮೀ. ತಗೊಳ್ಳಲಾ?

ಮೆಕ್ಯಾನಿಕ್: ತಗೊಳ್ರಿ. 3 ಕಿಲೋವ್ಯಾಟ್-ಅವರ್ ಬ್ಯಾಟರಿ ಫುಲ್ ಮಾಡಕ್ಕೆ ಸುಮಾರು ಮೂರೂವರೆ ಯೂನಿಟ್ ಕರೆಂಟ್. ಕಂಪನಿ ಹೇಳಿದ್ದರಲ್ಲಿ ಮುಕ್ಕಾಲು ಓಡ್ತು ಅಂತ ಲೆಕ್ಕ ಇಟ್ಕೊಳ್ಳಿ. ಆಯಿಲ್ ಬದಲಾಯಿಸೋ ತಾಪತ್ರಯ ಇಲ್ಲ. ಆದ್ರೆ ವಾರಂಟಿ ಮುಗಿದ ಮೇಲೆ ಬ್ಯಾಟರಿ ಹೋದ್ರೆ ಉಳಿಸಿದ್ದೆಲ್ಲ ಅಲ್ಲಿಗೇ.

ವಿದ್ಯಾನಗರ ಅಕ್ಕ: ಮೆಟ್ಟಿಲ ಕೆಳಗೆ, ಜಂಕ್ಷನ್ ಬಾಕ್ಸಿಂದ ರಾತ್ರಿಯೆಲ್ಲ ಚಾರ್ಜ್ ಹಾಕ್ತೀವಿ. ಪಿನ್ನಿನ ಒಂದು ಕಾಲು ಕಂದಾಗಿದೆ. ನಿನ್ನೆಯಿಂದ ನೈಲ್ ಪಾಲಿಶ್ ಥರ ವಾಸನೆ. ಒದ್ದೆ ಗೋಣಿಚೀಲ ಸುತ್ತಿದ್ರೆ ಬ್ಯಾಟರಿ ತಂಪಾಗುತ್ತೆ ಅಂತ ಇದೇ ಗ್ರೂಪಲ್ಲಿ ಬಂದಿತ್ತು. ಸುತ್ತಲಾ?

ಮೆಕ್ಯಾನಿಕ್: ಅಕ್ಕಾ, ಗೋಣಿಚೀಲ ಆಚೆ ಬಿಸಾಕಿ. ಪಿನ್ ಕಂದಾಗೋದು ಲೂಸ್ ಕನೆಕ್ಷನ್‌ಗೆ. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಹಾಕಿಸಿದ್ರೆ ಮುಗೀತು. ನಂಗೆ ಭಯ ಆ ವಾಸನೆದು. ಸೆಲ್ ಒಳಗಿನ ದ್ರವ ಆವಿಯಾಗಿ ಸೋರಿದ್ರೆ ಹಾಗೇ ಬರೋದು. ಒಂದು ಸೆಲ್ ಕಾದ್ರೆ ಪಕ್ಕದ್ದನ್ನ ಕಾಯಿಸುತ್ತೆ, ಅದು ಇನ್ನೊಂದನ್ನ. ಮೆಟ್ಟಿಲ ಕೆಳಗೇ ಬೆಂಕಿ ಬಿದ್ರೆ ಮೇಲೆ ಮಲಗಿರೋರು ಎಲ್ಲಿಂದ ಇಳೀಬೇಕು? ಮೊದಲು ಮೇನ್ ಇಳಿಸಿ. ಬ್ಯಾಟರಿ ಬಿಸಿ ಐತಾ, ಉಬ್ಬೈತಾ? ಈಗ್ಲೇ ಹೇಳಿ.

ಮಂಡಿಪೇಟೆ: ಅದಕ್ಕೇ ಪೆಟ್ರೋಲ್ ಗಾಡೀನೇ ವಾಸಿ.

ಕೆ.ಟಿ.ಜೆ. ನಗರ: ಪೆಟ್ರೋಲೇನು ತೀರ್ಥಾನಾ? ಅದಕ್ಕೆ ಬೆಂಕಿ ಹತ್ತಲ್ವಾ?

ಮಂಡಿಪೇಟೆ: ಚಾರ್ಜ್ ಖಾಲಿಯಾದಾಗ ತಳ್ಳಕ್ಕೆ ನನ್ನ ಕರೀಬೇಡಿ.

ಕೆ.ಟಿ.ಜೆ. ನಗರ: ಪೆಟ್ರೋಲ್ ಖಾಲಿಯಾಗಿ ಹದಡಿ ರೋಡಲ್ಲಿ ನಿಂತಾಗ ಬಾಟ್ಲಿ ತಂದುಕೊಟ್ಟಿದ್ದು ಯಾರು? ನಾನೇ, ಇದೇ ಎಲೆಕ್ಟ್ರಿಕ್ ಗಾಡೀಲಿ.

ನಿಟ್ಟುವಳ್ಳಿ: ಸೆಕೆಂಡ್ ಹ್ಯಾಂಡ್ ಮಾರಿದ್ರೆ ಎಷ್ಟು ಬರುತ್ತೆ ಸರ್?

ಆವರಗೆರೆ: ಮೈಲೇಜ್ ಎಷ್ಟು?

ಮೆಕ್ಯಾನಿಕ್: ಮೇಲೆ ಬರ್ದಿದೀನಿ.

ಪಿ.ಬಿ. ರೋಡ್: ಮಗಳಿಗೆ ಲೈಸೆನ್ಸ್ ಬೇಕಾ?

ಮೆಕ್ಯಾನಿಕ್: 25 ಕಿ.ಮೀ. ಸ್ಪೀಡ್ ದಾಟದ, 250 ವ್ಯಾಟ್ ಒಳಗಿನದಕ್ಕೆ ಬ್ಯಾಡ. ಉಳಿದದ್ದಕ್ಕೆ ಬೇಕು.

ಮಂಡಿಪೇಟೆ: ಫಾರ್ವರ್ಡ್: ವಾರಕ್ಕೊಮ್ಮೆ ಸೊನ್ನೆಗಿಳಿಸಿ ಚಾರ್ಜ್ ಮಾಡಿದ್ರೆ ಬ್ಯಾಟರಿಗೆ ಹೊಸ ಜೀವ!

ಮೆಕ್ಯಾನಿಕ್: ಅದು ಹಳೇ ನಿಕ್ಕಲ್ ಬ್ಯಾಟರಿ ಕಾಲದ ಮಾತು. ಲಿಥಿಯಂನ ಹಂಗೆ ಮಾಡಿದ್ರೆ ಆಯಸ್ಸು ಕಮ್ಮಿ. ಕಳಿಸೋರೇ ಹೊಸ ಬ್ಯಾಟರಿನೂ ಕೊಡಿಸ್ತೀರಾ? ಅಕ್ಕಾ, ಎಲ್ಲಿದೀರಿ?

ವಿದ್ಯಾನಗರ ಅಕ್ಕ: ಮೇನ್ ಇಳಿಸಿದೆ. ಉಬ್ಬಿಲ್ಲ. ಆದ್ರೆ ಹಾಲಿನ ಲೋಟದಷ್ಟು ಬೆಚ್ಚಗಿದೆ. ನಿನ್ನೆಯಿಂದ ಗಾಡಿ ತೆಗೆದೇ ಇಲ್ಲ.

ಮೆಕ್ಯಾನಿಕ್: ಓಡಿಸದೆ ಬೆಚ್ಚಗಾಗಬಾರದು. ಇನ್ನು ಮುಟ್ಟಬೇಡಿ, ತಳ್ಳಕ್ಕೂ ಹೋಗ್ಬೇಡಿ. ಮನೆಯೋರೆಲ್ಲ ಆಚೆ ಬನ್ನಿ, 112ಕ್ಕೆ ಫೋನ್ ಮಾಡಿ ಲಿಥಿಯಂ ಬ್ಯಾಟರಿ ಅಂತ ಹೇಳಿ.

ಆವರಗೆರೆ: ಮೇಲೆ ಅಂದ್ರೆ ಎಲ್ಲಿ ಸರ್?

ವಿದ್ಯಾನಗರ ಅಕ್ಕ: ಎದುರು ಮನೆ ಕಟ್ಟೆ ಮೇಲಿದೀವಿ. ಫೋನ್ ಮಾಡಾಯ್ತು.

ಮೆಕ್ಯಾನಿಕ್: ಅಲ್ಲೇ ಇರಿ, ನಾನೂ ಬರ್ತಿದೀನಿ. ಆ ಗೋಣಿಚೀಲದ ಮೆಸೇಜ್ ಹಾಕಿದ್ದು ಯಾರ್ರೀ?

ಮಂಡಿಪೇಟೆ: ಈ ಸಂದೇಶವನ್ನು ಅಳಿಸಲಾಗಿದೆ.